ಸರ್ವರ್ ಇಟ್ಟ ಕೋಣೆ

ಸತ್ತವರ ಫೋಟೊ ಕೇಳಿಕೊಂಡು ಬರುವವರು ಸ್ಟುಡಿಯೊ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಾರೆ. ತಿಥಿ ಹತ್ತಿರ ಬಂದಿರುತ್ತದೆ, ಹಾರ ಹಾಕುವುದಕ್ಕೆ ಒಂದು ಮುಖ ಬೇಕು, ಮನೆಯಲ್ಲಿ ಹುಡುಕಿದರೆ ಒಂದೂ ಇಲ್ಲ. ಆಗ ಯಾರಿಗೋ ನೆನಪಾಗುತ್ತದೆ, ರೇಷನ್ ಕಾರ್ಡಿಗೆಂದು ತಾಳವಾಡಿಯ ಷಡಕ್ಷರಿ ಸ್ಟುಡಿಯೊದಲ್ಲಿ ಒಂದು ಸಲ ಫೋಟೊ ತೆಗೆಸಿದ್ದುಂಟು ಎಂದು. ನಾನು ಕಂಪ್ಯೂಟರಿನಲ್ಲಿ ಹುಡುಕಿ, ಹೆಬ್ಬೆರಳಿನಷ್ಟು ಮುಖವನ್ನು ದೊಡ್ಡದು ಮಾಡಿ, ಹಿಂದೆ ನೀಲಿ ಆಕಾಶ ಹಾಕಿ ಕೊಡುತ್ತಿದ್ದೆ.

2007ರ ಆಷಾಢದಲ್ಲಿ ಹಾಗೆ ಬಂದವನು ತಿಗನಾರೆಯ ರಾಚ ಮಾವ, ನಮ್ಮ ಕೇರಿಯವನೇ. ಹೆಂಡತಿ ಚಿಕ್ಕಲಕ್ಷ್ಮಮ್ಮ ಜ್ವರ ಬಂದು ತೀರಿಕೊಂಡು ಹತ್ತು ದಿನವಾಗಿತ್ತು. ಅವಳ ಫೋಟೊ ಇದ್ದ ಡಿಸ್ಕು ಅವಳಿಗಿಂತ ಒಂದು ವಾರ ಮೊದಲೇ ಕರಕರ ಎಂದು ಸದ್ದು ಮಾಡಿ ಸತ್ತಿತ್ತು.

“ಇಲ್ಲ ಮಾವ, ಕಂಪ್ಯೂಟರ್ ಕೆಟ್ಟೋಯ್ತು. ಅದ್ರಲ್ಲಿದ್ದದ್ದೆಲ್ಲ ಓಯ್ತು” ಎಂದೆ.

“ಅವ್ಳೂ ಓದ್ಲಾ?” ಎಂದು ಕೇಳಿದ. ಜಗಳ ಮಾಡಲಿಲ್ಲ, ಶಾಪ ಹಾಕಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೋದ. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸ್ಟುಡಿಯೊ ಮಾಲೀಕ ಸೋಮಶೇಖರ್ ಎಲ್ಲವನ್ನೂ ನೋಡುತ್ತ ನಿಂತಿದ್ದ. ಅಪ್ಪ ಷಡಕ್ಷರಪ್ಪನವರು ಶುರು ಮಾಡಿದ ಸ್ಟುಡಿಯೊ ಅದು. ಮುಂದೆ ರಸ್ತೆಯ ಕಡೆಗೆ ಶೀಟು ಹೊದಿಸಿದ ಸ್ಟುಡಿಯೊ, ಹಿಂದೆ ಹಳೆಯ ಹೆಂಚಿನ ಮನೆ. ಮೂರು ವರ್ಷದ ಹಿಂದೆ ನಾನು ಡಿಪ್ಲೊಮಾ ಮುಗಿಸಿ ಬಂದಾಗ, ಕೆಲಸ ಕೊಡುವ ಮೊದಲು ಅವನು ನನ್ನ ಜಾತಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಮ್ಮವ್ವ ಮಾದೇವಮ್ಮ ಅವರ ಹೊಲದಲ್ಲೇ ಕೂಲಿ ಮಾಡುವವಳು.

“ಇನ್ನೊಂದ್ಸಲ ಇಂಗಾಗ್ಬಾರ್ದು ಕಣ ಪರಿಮಳ” ಎಂದ. “ಏನ್ ಮಾಡ್ಬೇಕು ಏಳು.”

“ಸರ್ವರ್ ತರ್ಬೇಕು ಅಣ್ಣ.”

ಅವನಿಗೆ ಹೋಟೆಲಿನ ಸರ್ವರ್ ಮಾತ್ರ ಗೊತ್ತಿತ್ತು. ನಾನು ಬಿಡಿಸಿ ಹೇಳಿದೆ. ನಮ್ಮ ಮೂರೂ ಕಂಪ್ಯೂಟರುಗಳ ಫೋಟೊಗಳು ಒಂದೇ ಕಡೆ ಹೋಗಿ ಸೇರುವ ಯಂತ್ರ, ಎಡೆಬಿಡದೆ ಓಡುತ್ತಲೇ ಇರುವಂಥದ್ದು. ಅದರೊಳಗೆ ಎರಡು ಡಿಸ್ಕು, ಒಂದರಲ್ಲಿ ಬರೆದದ್ದು ಆಗಿಂದಾಗಲೇ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ಇರುತ್ತದೆ.

ಒಂದು ತಿಂಗಳು ಅಳೆದೂ ಸುರಿದೂ ಆಯಿತು. ಸೋಮಣ್ಣನಿಗೆ ದೊಡ್ಡ ಕಂಪನಿಯ ಮೊಹರಿದ್ದದ್ದೇ ಬೇಕು, ಮೂರು ವರ್ಷ ಮನೆಗೇ ಬಂದು ರಿಪೇರಿ ಮಾಡಿಕೊಡುತ್ತಾರೆ ಎಂಬ ಆಸೆ. ನಾನು ಫೋನ್ ಹಚ್ಚಿದೆ. ಮೈಸೂರಿನವನು ನಮ್ಮ ಪಿನ್ ಕೋಡ್ ಕೇಳಿ, “ಮೇಡಂ, ನೀವು ತಮಿಳುನಾಡು, ಕೊಯಮತ್ತೂರಿಗೆ ಮಾಡಿ” ಎಂದ. ಕೊಯಮತ್ತೂರಿನವನು “ತಾಳವಾಡಿಯಾ? ಅದು ಕರ್ನಾಟಕಾ ದಾನೇ?” ಎಂದ. ಇಲ್ಲ, ಈರೋಡ್ ಜಿಲ್ಲೆ ಎಂದು ನಂಬಿಸಿದ ಮೇಲೆ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ನಮ್ಮ ಹುಡುಗರು ಬರುವುದಿಲ್ಲ ಎಂದು ಫೋನ್ ಇಟ್ಟ. ನಮಗಿದು ಹೊಸದಲ್ಲ. ಓಟು ಒಂದು ಕಡೆ, ಸಂತೆ ಒಂದು ಕಡೆ, ಇಬ್ಬರಿಗೂ ನಾವು ಆಚೆ ಮನೆಯವರು.

“ಯಾರೂ ಬರದೇ ಇರೋ ವಾರಂಟಿಗ್ ಯಾಕಣ್ಣ ಅಷ್ಟ್ ದುಡ್ಡು?” ಎಂದೆ. “ಬಿಡಿ ಸಾಮಾನ್ ತತ್ತೀನಿ, ನಾನೇ ಜೋಡುಸ್ತೀನಿ. ಕೆಟ್ರೆ ನಾನೇ ನೋಡ್ಕತ್ತೀನಿ.”

ಕೆಟ್ಟರೆ ನಾನೇ ನೋಡಿಕೊಳ್ಳುತ್ತೇನೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ಹೇಳಿದೆ, ಅವನು ಒಪ್ಪಿದ. ಇಬ್ಬರೂ ಮುಂದಕ್ಕೆ ಯೋಚಿಸಲಿಲ್ಲ.

ಚಾಮರಾಜನಗರದ ಮೇಲೆ ಮೈಸೂರಿಗೆ ಹೋಗಿ ಸಾಮಾನು ತಂದೆ. ಎರಡು ದಿನ ಸ್ಟುಡಿಯೊದ ಮೇಜಿನ ಮೇಲೆ ಜೋಡಿಸಿದೆ. ದುಡ್ಡು ಕೊಡದೆ ಸಿಗುವ ಲಿನಕ್ಸ್ ಹಾಕುವಾಗ, ಈ ಯಂತ್ರಕ್ಕೆ ಏನು ಹೆಸರು ಎಂದು ಪರದೆ ಕೇಳಿತು. ಎಲ್ಲರೂ ಸರ್ವರ್ ಎಂದೋ, ಅಂಗಡಿಯ ಹೆಸರೋ ಕೊಡುತ್ತಾರೆ. ನಾನು ಅತ್ತಿತ್ತ ನೋಡಿ ಅವ್ವನ ಹೆಸರು ಹೊಡೆದೆ. ಮಾದೇವಮ್ಮ. ದಿನವಿಡೀ ದುಡಿಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ನಿಂತ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ಹೊಂದಿತು ಎನಿಸಿತು.

ಆಮೇಲೆ ಅದನ್ನು ಎಲ್ಲಿಡುವುದು ಎಂಬ ಮಾತು ಬಂತು. ಸ್ಟುಡಿಯೊದ ಶೀಟು ಮಳೆಗೆ ಸೋರುತ್ತಿತ್ತು, ಬಿಸಿಲಿಗೆ ಕಾಯುತ್ತಿತ್ತು, ಇಲಿಗಳು ಬೇರೆ.

“ನಮ್ ಕೋಣೇಲ್ ಮಡುಗ್ಬುಡವ” ಎಂದ ಸೋಮಣ್ಣ. ಅವನ ಮುಖದಲ್ಲಿ ದೊಡ್ಡ ಸಮಸ್ಯೆ ಬಗೆಹರಿಸಿದವನ ಕಳೆ. “ಮಣ್ ಗ್ವಾಡೆ, ಬ್ಯಾಸ್ಗೇಲೂ ತಣ್ಗಿರ್ತದೆ. ಒಂದ್ ಇಲಿ ಇಲ್ಲ, ಕಳ್ಳರ ಭಯ ಇಲ್ಲ.”

ಆ ಕೋಣೆ ನನಗೆ ಕೇಳಿ ಗೊತ್ತು. ನಡುಮನೆ ದಾಟಿ ಒಳಗೆ, ಒಂದು ಪಕ್ಕ ರಾಗಿ ತುಂಬುವ ಮಣ್ಣಿನ ವಾಡೆ, ಇನ್ನೊಂದು ಪಕ್ಕ ದೇವರ ಗೂಡು. ಪ್ರತಿ ವರ್ಷ ನಮ್ಮವ್ವ ಕೊಯ್ದು, ಒಕ್ಕಿ, ತೂರಿ, ಮೂಟೆ ತಲೆಯ ಮೇಲೆ ಹೊತ್ತು ತಂದ ರಾಗಿ ಆ ಕೋಣೆಗೆ ಹೋಗುತ್ತದೆ. ಅವ್ವ ಜಗಲಿಯ ತನಕ. ಅಲ್ಲಿ ಸೋಮಣ್ಣನ ತಾಯಿ ಪುಟ್ಟಮಲ್ಲಮ್ಮನವರು ಅಡ್ಡ ನಿಂತು “ಅಲ್ಲೇ ನಿಂತ್ಕ ಮಾದೇವಿ, ಏನ್ ಬೇಕು ಏಳು, ತಂದ್ಕೊಡ್ತೀನಿ” ಎನ್ನುತ್ತಾರೆ. ಒಂದು ದಿನವೂ ಗದರಿದವರಲ್ಲ. ಮಜ್ಜಿಗೆ, ಬೆಲ್ಲ, ಹಬ್ಬಕ್ಕೆ ಸೀರೆ, ಎಲ್ಲ ಜಗಲಿಗೇ ಬರುತ್ತದೆ.

ನಾನು ಬಾಯಿ ಬಿಡಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹುಡುಗಿ ಎಂದು ಕೇರಿಯೆಲ್ಲ ಹೇಳುತ್ತದೆ, ಆದರೂ ಬಿಡಲಿಲ್ಲ. ಯಾರಾದರೂ ಒಬ್ಬರು, “ಅಲ್ಲಿಟ್ಟರೆ ಪರಿಮಳ ಹೇಗೆ ನೋಡಿಕೊಳ್ಳುತ್ತಾಳೆ?” ಎಂದು ಕೇಳಲಿ ಎಂದು ಕಾದೆ. ಕರೆಂಟು, ಕೇಬಲ್ಲು, ಬ್ಯಾಟರಿ, ವಾಸ್ತು, ಎಲ್ಲದರ ಬಗ್ಗೆ ಮಾತಾಯಿತು. ಅದೊಂದನ್ನು ಕೇಳಲಿಲ್ಲ. ಮರೆಮಾಚಿದ್ದಲ್ಲ, ಅವರ ತಲೆಗೆ ಹೊಳೆಯಲೇ ಇಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಸೋಮಣ್ಣ ಕೂಸಿನಂತೆ ಎತ್ತಿಕೊಂಡು ಒಳಗೆ ಹೋದ. ಗೋಡೆಗೆ ತೂತು ಕೊರೆದು ನಾನು ಹೊರಗಿನಿಂದ ಕೇಬಲ್ ತಳ್ಳಿದೆ, ಅವನು ಒಳಗಿನಿಂದ ಎಳೆದುಕೊಂಡ. ಪುಟ್ಟಮಲ್ಲಮ್ಮನವರು ಮೂರು ಬೆರಳಲ್ಲಿ ಯಂತ್ರಕ್ಕೆ ವಿಭೂತಿ ಎಳೆದು, ಊದುಬತ್ತಿ ಹಚ್ಚಿ, ದೇವರ ಗೂಡಿನ ಪಕ್ಕದಲ್ಲಿ ಕೂರಿಸಿದರು. ಅಂದಿನಿಂದ ಅದು ನಿತ್ಯದ ಪೂಜೆಯೇ ಆಯಿತು.

ಕೆಲಸ ಮಾತ್ರ ನಿಲ್ಲಲಿಲ್ಲ. ನನ್ನ ಜಾಗದಲ್ಲೇ ಕೂತು, ಕಪ್ಪು ಪರದೆ ತೆರೆದು, ಗುಟ್ಟಿನ ಪದ ಹೊಡೆದರೆ ನಾನು ಆ ಯಂತ್ರದೊಳಗೆ ಇರುತ್ತಿದ್ದೆ. ಯಂತ್ರದ ಒಳಗೆ ಹೋಗುವುದಕ್ಕೆ ನನಗೆ ದಾರಿಯಿತ್ತು, ಅದಿದ್ದ ಕೋಣೆಗೆ ಇರಲಿಲ್ಲ. ಈ ಸೌಲಭ್ಯ ಕಂಡುಹಿಡಿದವರು ಯಾವ ಕಷ್ಟಕ್ಕೆಂದು ಕಂಡುಹಿಡಿದರೋ, ನಮ್ಮೂರಿಗೆ ಸರಿಯಾಗಿ ಉಪಯೋಗವಾಯಿತು.

ಮದುವೆ, ಹಬ್ಬದ ಫೋಟೊಗಳು ಮಾತ್ರ ಬೂಸ್ಟು ಹಿಡಿದು ಹಾಳಾಗುತ್ತಿದ್ದ ಹಳೆಯ ಸೀಡಿಗಳಲ್ಲಿ ಉಳಿದಿದ್ದವು. ಅವನ್ನೆಲ್ಲ ಸರ್ವರಿಗೆ ತುಂಬಲು ಇಪ್ಪತ್ತು ದಿನ ಹಿಡಿಯಿತು. ಹನ್ನೆರಡು ಸಾವಿರ ಚಿಲ್ಲರೆ ಫೋಟೊಗಳು. ಗೆಟ್ಟವಾಡಿಯ ಮದುವೆ, ಗುಮಟಾಪುರದ ಗೊರೆ ಹಬ್ಬದಲ್ಲಿ ಎರಚಾಡಿ ಮೈಯೆಲ್ಲ ಸಗಣಿಯಾದ ಹುಡುಗರು, ಸ್ಕೂಲಿನ ಸಾಲುಗಳು. ಹಾಗೆ ನೋಡುತ್ತಿರುವಾಗ ಒಂದು ಮದುವೆಯ ಫೋಟೊದ ಅಂಚಿನಲ್ಲಿ ಚಿಕ್ಕಲಕ್ಷ್ಮಮ್ಮ ಸಿಕ್ಕಿದಳು. ಚಪ್ಪರದ ಆಚೆ, ಎಂಜಲೆಲೆ ಹಾಕುವ ಕಡೆ, ಕುಕ್ಕೆ ಹಿಡಿದು ನಿಂತಿದ್ದಾಳೆ. ಯಾರೋ ಏನೋ ಅಂದಿರಬೇಕು, ನಗುತ್ತಿದ್ದಾಳೆ. ಕುಕ್ಕೆಯನ್ನು ತೆಗೆದು, ಮುಖ ದೊಡ್ಡದು ಮಾಡಿ ರಾಚ ಮಾವನಿಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನಗ್ತಾವ್ಳೆ” ಎಂದ. ಅಂದು ಬಸ್ಸಿನಲ್ಲಿ ನಾನು ಅತ್ತೆ. ಆ ಯಂತ್ರವನ್ನು ಕೈಯಾರೆ ಮಾಡಿದವಳು ನಾನು ಎಂದು ಹೆಮ್ಮೆಯೂ ಆಯಿತು.

ಯಂತ್ರ ಹ್ಯಾಂಗ್ ಆಗಿ ನಿಂತಾಗ ಮತ್ತೆ ಚಾಲೂ ಮಾಡುವ ಗುಂಡಿ ಒತ್ತುವವರು ಸೋಮಣ್ಣನ ಹೆಂಡತಿ ರಂಜಿತಕ್ಕ. ಒಂದು ದಿನ ಸೋಮಣ್ಣ ಮದುವೆಯ ಫೋಟೊಗೆ ಹೋಗಿದ್ದಾಗ ನಿಂತಿತು. ಹಿತ್ತಲಿನಿಂದ ಕೂಗಿ ಹೇಳಿದೆ. “ನಾ ಮೂರ್ ದಿಸ ಕೋಣೆಗ್ ಓಗಂಗಿಲ್ಲ ಕಣ ಪರಿಮಳ” ಎಂದರು ರಂಜಿತಕ್ಕ, ಅರ್ಧ ನಾಚಿಕೆ, ಅರ್ಧ ಸಿಟ್ಟಿನಲ್ಲಿ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಅವರ ಧರ್ಮವೇ ಹೇಳುತ್ತದೆ. ಪುಟ್ಟಮಲ್ಲಮ್ಮನವರ ಕೋಣೆಗೆ ಬೇರೆ ಧರ್ಮ. ಅವರೇ ಗುಂಡಿ ಒತ್ತಬಹುದಿತ್ತು, ಕರೆಂಟು ಹೊಡೆಯುತ್ತದೆಂದು ಭಯ. ಅಂದು ಸಂಜೆಯ ತನಕ ಸ್ಟುಡಿಯೊ ನಿಂತಿತು. ಸರ್ವರ್ ಯಾಕೆ ನಿಲ್ಲುತ್ತದೆ ಎಂದು ನನ್ನ ಪುಸ್ತಕದಲ್ಲಿ ಎರಡು ಪುಟ ಕಾರಣಗಳಿದ್ದವು, ಇದು ಇರಲಿಲ್ಲ. ನಾವಿಬ್ಬರೂ ಬಾಗಿಲ ಆಚೆ ಈಚೆ ನಿಂತು ಸ್ವಲ್ಪ ನಕ್ಕೆವು.

ಮರು ವರ್ಷ ತಮಿಳುನಾಡಿಗೆಲ್ಲ ಕರೆಂಟಿನ ಬರ, ಅದು ಹೋಗಿ ಬಂದು ಹೋಗಿ ಬಂದು ಯಂತ್ರಕ್ಕೆ ಏಟು. ದೀಪಾವಳಿ ಕಳೆದ ವಾರ ನನ್ನ ಪರದೆಯ ಮೇಲೆ ಒಂದು ಸಾಲು ಬಂತು. ಎರಡನೆಯ ಡಿಸ್ಕು ಸತ್ತಿದೆ. ಹನ್ನೆರಡು ಸಾವಿರ ಮುಖಗಳೂ ಈಗ ಒಂದೇ ಡಿಸ್ಕಿನ ಮೇಲೆ ನಿಂತಿದ್ದವು. ಹೊಸ ಡಿಸ್ಕು ನನ್ನ ಬಳಿ ಇತ್ತು. ಸತ್ತದ್ದನ್ನು ತೆಗೆದು ಇದನ್ನು ಹಾಕಬೇಕು, ಕಾಲು ಗಂಟೆಯ ಕೆಲಸ.

“ಆಚ್ಗೆ ತಂದ್ಕೊಡಿ ಅಣ್ಣ” ಎಂದೆ.

“ಅವ್ವ ಬ್ಯಾಡ ಅಂತಾಳೆ ಕಣ. ಪೂಜೆ ಮಾಡಿ ಕೂರ್ಸಿರದಂತೆ, ಕಾರ್ತೀಕ ಕಳ್ಯಾಗಂಟ ಕದ್ಲುಸ್ಬಾರ್ದಂತೆ” ಎಂದ. “ನೀ ಸೆಲ್ಲಲ್ಲಿ ಏಳು, ನಾ ಮಾಡ್ತೀನಿ.”

ಹಾಗೆ, ಒಂದು ಗೋಡೆಯ ಆಚೆ ಈಚೆ ಹತ್ತು ಹೆಜ್ಜೆ ದೂರದಲ್ಲಿದ್ದ ನಾವು ಫೋನಿನಲ್ಲಿ ಮಾತಾಡಿದೆವು. ಅವನು ಯಂತ್ರ ನಿಲ್ಲಿಸಿ ಮುಚ್ಚಳ ಬಿಚ್ಚಿದ.

“ಡಿಸ್ಕಿನ್ ಮ್ಯಾಲೆ ನಂಬ್ರ ಬರ್ದಿವ್ನಿ, ನೋಡಿ ಅಣ್ಣ. ಎರಡು ಅಂತ ಇರೋದ್ನ ಮುಟ್ಟಿ.”

“ನಂಬ್ರ ಎಲ್ಲವ್ವ ಕಂಡದು? ಒಳ್ಗೆಲ್ಲ ಈಬೂತಿ ತುಂಬ್ಕಂಡದೆ. ಎರಡ್ರ ಮ್ಯಾಲೂ ಬೂದಿ.” ಹದಿನೈದು ತಿಂಗಳ ಪೂಜೆಯನ್ನು ಫ್ಯಾನು ಒಳಕ್ಕೆ ಎಳೆದುಕೊಂಡಿತ್ತು. ಅವನು ಉಜ್ಜಿದ ಸದ್ದು ಕೇಳಿತು. “ಮಸಿ ಅಳ್ಸೋಯ್ತು. ಮ್ಯಾಲಿರದ್ನ ಕಿತ್ತು ಹೊಸುದ್ನ ಆಕ್ಬುಡ್ಲಾ? ಹೊಸುದ್ಕೆ ತಾನಾಗೇ ಬರ್ಕತ್ತದೆ ಅಂದಿದ್ದಲ್ಲ?”

ಬರೆದುಕೊಳ್ಳುತ್ತದೆ. ಆದರೆ ಬದುಕಿರುವುದನ್ನು ಕಿತ್ತು ಸತ್ತಿರುವುದನ್ನು ಬಿಟ್ಟರೆ ಏನು ಬರೆದುಕೊಳ್ಳುತ್ತದೆ? ಒಂದನ್ನು ಕೀಳುವಾಗ ಇನ್ನೊಂದನ್ನು ಬೀಳಿಸಿದರೆ? ಕುಕ್ಕೆ ಹಿಡಿದು ನಗುತ್ತಿದ್ದ ಚಿಕ್ಕಲಕ್ಷ್ಮಮ್ಮ ನನ್ನ ಕಣ್ಣ ಮುಂದೆ ಬಂದಳು.

“ಕೈ ತಗೀರಿ!” ಎಂದು ಕಿರುಚಿದೆ. ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊಗೆ ಕೂತಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ನಿಂತರು. “ಏನೂ ಮುಟ್ಬ್ಯಾಡಿ ಅಣ್ಣ. ಒಂದಾ ಅದು ಆಚ್ಗೆ ಬರ್ಬೇಕು, ಇಲ್ಲಾ ನಾ ಒಳಕ್ ಬರ್ಬೇಕು. ಇನ್ನೊಂದ್ ದಾರಿ ಇಲ್ಲ.”

ಫೋನಿನಲ್ಲಿ ಅವನ ದನಿ ಬಂತು. “ಒಳಕ್ಕಾ?”

ಅದೊಂದೇ ಮಾತು. ಅದರಲ್ಲಿ ಕೋಪವಿರಲಿಲ್ಲ, ಬರೀ ಆಶ್ಚರ್ಯ. ಹದಿನೈದು ತಿಂಗಳಲ್ಲಿ ಮೊದಲ ಸಲ ಅವನಿಗೆ ಅದು ಹೊಳೆದಿತ್ತು.

ತಾಯಿಯ ಜೊತೆ ಏನೋ ಮಾತಾಯಿತು. ಯಂತ್ರ ಆಚೆಗೆ ಬಂತು. ಹಣೆಯ ಮೇಲೆ ಮೂರು ಪಟ್ಟೆ, ಹೊಟ್ಟೆಯೊಳಗೆ ಬೂದಿ. ನಾನು ಕುಂಚದಲ್ಲಿ ಒಂದೊಂದೇ ಮೂಲೆ ಗುಡಿಸಿ, ಅಳಿಸಿದ ನಂಬರನ್ನು ಬಿಟ್ಟು, ಕಂಪನಿಯೇ ಅಚ್ಚೊತ್ತಿದ ಸಣ್ಣ ಅಕ್ಷರಗಳನ್ನು ಓದಿ, ಪರದೆಯಲ್ಲಿ ಬಂದಿದ್ದ ಗುರುತಿಗೆ ತಾಳೆ ಹಾಕಿ, ಸತ್ತ ಡಿಸ್ಕು ಯಾವುದೆಂದು ಖಚಿತ ಮಾಡಿಕೊಂಡೆ. ಅದು ಕೆಳಗಿನದು. ಸೋಮಣ್ಣ ಕೈಹಾಕಿದ್ದ ಮೇಲಿನದು ಬದುಕಿತ್ತು. ಹೊಸದನ್ನು ಹಾಕಿ ಚಾಲೂ ಮಾಡಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಮುಖಗಳೂ ಮತ್ತೆ ಎರಡೆರಡಾದವು.

“ಸರಿ, ಒಳಕ್ ಮಡುಗ್ಬುಡ್ಲಾ?” ಎಂದ ಸೋಮಣ್ಣ.

“ಬ್ಯಾಡ.”

“ಯಾಕವ್ವ?”

“ನಮ್ಮವ್ವ ಬೆಳ್ದ ರಾಗಿ ಆ ಕೋಣೆಗ್ ಓಯ್ತದೆ, ನಮ್ಮವ್ವ ಓಗಕಿಲ್ಲ. ರಾಗಿಗ್ ಬಾಯಿಲ್ಲ, ಓಯ್ತದೆ. ನನ್ಗೆ ಬಾಯದೆ ಅಣ್ಣ. ನಾ ಓಗದೇ ಇರೋ ಜಾಗಕ್ಕೆ ನಾ ಮಾಡಿದ್ದು ಓಗಕಿಲ್ಲ.”

ಅವನ ಮುಖ ಕೆಂಪಗಾಯಿತು. “ನಾ ಯಾವತ್ತಾರ ನಿನ್ ಜಾತಿ ಎತ್ತಿದ್ದೀನಾ ಪರಿಮಳ?”

“ಇಲ್ಲ. ಎತ್ತಲಿಲ್ಲ. ಅದುನ್ನ ಅಲ್ಲಿಟ್ರೆ ನಾ ಎಂಗ್ ನೋಡ್ಕಳದು ಅಂತ್ಲೂ ಕೇಳ್ಲಿಲ್ಲ.”

ಚೀಲ ತೆಗೆದುಕೊಂಡು ಹೊರಟೆ. ಗುಟ್ಟಿನ ಪದವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲಿಟ್ಟೆ, ಹೋದವಳು ಎಲ್ಲರ ಮುಖಗಳನ್ನು ಒತ್ತೆಯಿಟ್ಟುಕೊಂಡಳು ಎನ್ನಿಸಿಕೊಳ್ಳಬಾರದೆಂದು. ಬಸ್ಸಿನಲ್ಲಿ ಕೂತ ಮೇಲೆ ಮುಂದಿನ ಲೆಕ್ಕ ಹಾಕಿದೆ. ಡಿಪ್ಲೊಮಾ ಮುಗಿಸಿದ ಹುಡುಗಿಗೆ ತಾಳವಾಡಿಯಲ್ಲಿ ಇನ್ನೊಂದು ಕೆಲಸವಿರಲಿಲ್ಲ.

“ಉಣ್ಣೋ ಅನ್ನಕ್ ಮಣ್ ಆಕ್ಕಂಡಲ್ಲೇ” ಎಂದಳು ಅವ್ವ. “ನನ್ನ ಒಳಕ್ ಬುಡು ಅಂತ ಕೇಳಾಕ್ ಓಗಿದ್ಯಾ?”

“ಒಳಕ್ ಬುಡು ಅನ್ನಲಿಲ್ಲ ಅವ್ವ. ಆಚೆ ಮಡುಗು ಅಂದೆ.”

ಮಾರನೆಯ ದಿನ ಸೋಮಣ್ಣನವರ ಹೊಲದಲ್ಲಿ ರಾಗಿ ಕೊಯ್ಲಿತ್ತು. ಅವ್ವ ಕುಡುಗೋಲು ತೆಗೆದುಕೊಳ್ಳಲಿಲ್ಲ, ಮೈಗೆ ಹುಷಾರಿಲ್ಲ ಎಂದು ಕೂತಳು. ನಮ್ಮವ್ವನಿಗೆ ಕೊಯ್ಲಿನ ದಿನ ಮೈಗೆ ಹುಷಾರಿಲ್ಲದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಐದನೆಯ ದಿನ ರಂಜಿತಕ್ಕನ ಫೋನು. “ಮೇಸ್ತ್ರಿ ಬಂದವ್ರೆ ಕಣ. ಸ್ಟುಡಿಯೊ ಪಕ್ಕ ಒಂದ್ ರೂಮ್ ಕಟ್ಟುಸ್ತಾವ್ರೆ, ಮ್ಯಾಲೆ ಕಾಂಕ್ರೀಟು. ಬಾಗ್ಲು ಕಿಟ್ಕಿ ಎಲ್ಲೆಲ್ಲಿ ಬರ್ಬೇಕು ಅಂತ ನೀನೇ ಬಂದ್ ಏಳ್ಬೇಕಂತೆ.” ದನಿ ತಗ್ಗಿಸಿದರು. “ಬೀಗದ ಕೈನೂ ನಿನ್ ತಾವೇ ಇರ್ಲಿ ಅಂದ್ರು.”

ಹೋದೆ. ಎಂಟು ಅಡಿಗೆ ಎಂಟು ಅಡಿ, ಸೋರದ ಮಾಡು, ಗಾಳಿಗೆ ಎರಡು ಕಿಟಕಿ. ಒಂದೂವರೆ ತಿಂಗಳಲ್ಲಿ ಎದ್ದಿತು. ಒಳ್ಳೆಯ ಕೋಣೆ. ಸೋಮಣ್ಣ ಕೆಟ್ಟವನಲ್ಲ. ಆದರೂ ಹಾಲೋಬ್ಲಾಕು ಒಂದರ ಮೇಲೊಂದು ಏರುವುದನ್ನು ನೋಡುತ್ತ ನನಗೆ ಅನಿಸುತ್ತಿತ್ತು, ಇರುವ ಬಾಗಿಲೊಂದನ್ನು ತೆರೆಯುವುದಕ್ಕಿಂತ ಹೊಸ ಕೋಣೆಯೊಂದನ್ನು ಕಟ್ಟುವುದೇ ಇವರಿಗೆ ಸುಲಭವಾಯಿತಲ್ಲ ಎಂದು.

ಯಂತ್ರವನ್ನು ಅಲ್ಲಿಟ್ಟ ದಿನ ಅವ್ವನನ್ನು ಕರೆದುಕೊಂಡು ಬಂದು, ಕೈ ಹಿಡಿದು ಒಳಗೆ ಕೂರಿಸಿದೆ. ಪರದೆ ತೆರೆದು ಅವಳ ಹೆಸರು ತೋರಿಸಿದೆ. ಅವ್ವನಿಗೆ ಓದು ಬರುವುದಿಲ್ಲ. “ನಂದಾ?” ಎಂದು ಬೆರಳಿನಲ್ಲಿ ಮುಟ್ಟಿ ನೋಡಿ, ಏನೋ ಕದ್ದವಳಂತೆ ಬೇಗ ಕೈ ತೆಗೆದಳು.

ಮಾರನೆಯ ಬೆಳಿಗ್ಗೆ ನಾನು ಒಳಗಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಪುಟ್ಟಮಲ್ಲಮ್ಮನವರು. ಮಿಂದು, ಮಡಿಯುಟ್ಟು, ಕೈಯಲ್ಲಿ ವಿಭೂತಿಯ ಬಟ್ಟಲು. ಹೊಸ್ತಿಲ ಆಚೆಗೇ ನಿಂತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಆ ಮುಖವನ್ನು ನಾನು ಹೊಸ್ತಿಲ ಹೊರಗೆ ನಿಂತೇ ಕಂಡಿದ್ದೆ, ಒಳಗಿದ್ದು ಕಂಡದ್ದು ಇದೇ ಮೊದಲು.

“ನೀರಲ್ ಕಲುಸ್ಕ ಬಂದಿವ್ನಿ ಕಣವ್ವ, ಬೂದಿ ಅದ್ರೊಳಕ್ ಓಗಕಿಲ್ಲ” ಎಂದರು. ಆಮೇಲೆ, “ಒಳಕ್ ಬರ್ಬೋದಾ?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಎಷ್ಟೋ ವರ್ಷದಿಂದ ತಯಾರಿತ್ತು. ಅವರದೇ ಮಾತು. ಅಲ್ಲೇ ನಿಂತ್ಕಳಿ, ಏನ್ ಬೇಕು ಏಳಿ. ಅದು ನಾಲಗೆಯ ತುದಿಗೆ ಬಂತು, ಸಿಹಿಯಾಗಿಯೇ ಇತ್ತು. ಅವರು ಕಾಯುತ್ತಿದ್ದರು. ಕಣ್ಣು ನನ್ನ ಮುಖ ಬಿಟ್ಟು ನೆಲ ನೋಡುತ್ತಿತ್ತು. ಜಗಲಿಯಲ್ಲಿ ನಿಂತಾಗ ನಮ್ಮವ್ವನ ಕಣ್ಣೂ ಹಾಗೇ ನೆಲ ನೋಡುತ್ತದೆ.

“ಬನ್ನಿ” ಎಂದೆ.

ನನ್ನ ಸಿಟ್ಟು ಹೋಗಿರಲಿಲ್ಲ, ಇಂದಿಗೂ ಹೋಗಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಮಾದೇವಮ್ಮನ ಹಣೆಗೆ ಮೂರು ಬೆರಳು ಎಳೆದು, ಕೈ ಮುಗಿದರು.